ನಲವತ್ತು ನಿಮಿಷ

ಆ ದಿನದ ಅನಾಹುತಕ್ಕೆಲ್ಲ ಮೂಲ ನಲವತ್ತು ಎಂಬ ಒಂದು ಸಂಖ್ಯೆ.

ನಗರದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಎಂಟು ಸಾಲಿನ ಹೆದ್ದಾರಿಗೆ ಅಡ್ಡಲಾಗಿ ಅಲ್ಲಲ್ಲಿ ಕಬ್ಬಿಣದ ಕಮಾನು ನಿಲ್ಲಿಸಿ, ಅದಕ್ಕೆ ಗೋಡೆಯಷ್ಟು ದೊಡ್ಡ ಬೋರ್ಡುಗಳನ್ನು ತೂಗುಹಾಕಿದ್ದರು. ಹೋಗುವವರಿಗೆ ‘ವಿಮಾನ ನಿಲ್ದಾಣಕ್ಕೆ ಇಷ್ಟು ನಿಮಿಷ’, ಬರುವವರಿಗೆ ‘ನಗರಕ್ಕೆ ಇಷ್ಟು ನಿಮಿಷ’ ಎಂದು ಅವು ಹಳದಿ ದೀಪದ ಅಕ್ಷರಗಳಲ್ಲಿ ಹೇಳುತ್ತಿದ್ದವು. ಹೇಳಿಸುತ್ತಿದ್ದವನು ನಮ್ಮ ಕಥಾನಾಯಕ. ಹೆದ್ದಾರಿಯ ಕಂಟ್ರೋಲ್ ರೂಮಿನ ಕಿಟಕಿಯಿಲ್ಲದ ಮೂಲೆಯಲ್ಲಿ ಕೂತು ಒಂಬತ್ತು ವರ್ಷದಿಂದ ಅವನು ಮಾಡುತ್ತಿದ್ದ ಕೆಲಸವೆಂದರೆ ನಿಮಿಷ ಒತ್ತುವುದು. ಹಾಗಾಗಿ ಆಫೀಸಿನಲ್ಲಿ ಅವನಿಗೆ ನಿಮಿಷಪ್ಪ ಎಂಬ ಹೆಸರು ಬಿದ್ದಿತ್ತು. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು ಅನ್ನುವುದು ಅವನಿಗೇ ಮರೆತುಹೋಗುವಷ್ಟು ಅದು ಅಂಟಿಕೊಂಡಿತ್ತು.

ರಸ್ತೆಯಡಿ ಹೂತಿಟ್ಟ ಯಂತ್ರಗಳು ವಾಹನಗಳ ವೇಗ ಅಳೆದು ನಿಜವಾದ ನಿಮಿಷವನ್ನು ನಿಮಿಷಪ್ಪನ ಪರದೆಗೆ ಕಳಿಸುತ್ತಿದ್ದವು. ಅದನ್ನೇ ಬೋರ್ಡಿಗೆ ಏರಿಸಬೇಕು ಎಂಬುದು ನಿಯಮ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವನು ಒಮ್ಮೆ ನಿಯಮದಂತೆ ತೊಂಬತ್ತೈದು ಎಂದು ಹಾಕಿಬಿಟ್ಟ. ನೋಡಿದವರೆಲ್ಲ ಹೆದ್ದಾರಿಯಿಂದ ಇಳಿದು ಕೆಳಗಿನ ಬೀದಿಗಳಿಗೆ ನುಗ್ಗಿದರು. ಬೀದಿಗಳು ಕಟ್ಟಿಹೋದವು. ಒಬ್ಬ ಮಂತ್ರಿಯ ಕಾರು ಮೂಲಂಗಿ ಗಾಡಿಯ ಹಿಂದೆ ಎರಡು ಗಂಟೆ ನಿಂತಿತ್ತು. ಮಾರನೆಯ ದಿನ ಸಾಹೇಬರು ಬಾಯಿಮಾತಿನಲ್ಲಿ ಅಪ್ಪಣೆ ಕೊಟ್ಟರು. ನಲವತ್ತರವರೆಗೆ ಇದ್ದದ್ದು ಇದ್ದಹಾಗೆ ಹಾಕು, ಆಮೇಲೆ ಎಷ್ಟೇ ಆಗಲಿ ನಲವತ್ತೇ.

“ನಲವತ್ತು ಅಂದ್ರೆ ಜನ ತಡ್ಕೋತಾರೆ. ನಲವತ್ತೊಂದು ಅಂದ್ರೆ ಯೋಚನೆ ಮಾಡೋಕೆ ಶುರುಮಾಡ್ತಾರೆ” ಎಂದಿದ್ದರು ಸಾಹೇಬರು.

ಆ ಮಾತಾಗಿ ಎಂಟು ವರ್ಷ. ಕಳೆದ ಐದು ವರ್ಷದಲ್ಲಿ ಹಗಲು ಹೊತ್ತು ರಸ್ತೆ ನಲವತ್ತಕ್ಕಿಂತ ಕೆಳಗೆ ಇಳಿದದ್ದೇ ಇಲ್ಲ. ನಿಮಿಷಪ್ಪ ಮೊದಮೊದಲು ಸುಳ್ಳು ಒತ್ತುವ ಮುಂಚೆ ಒಮ್ಮೆ ಬಾಗಿಲ ಕಡೆ ನೋಡುತ್ತಿದ್ದ. ಬರಬರುತ್ತ ಅದು ಸುಳ್ಳು ಅನ್ನುವುದೇ ಮರೆತು ಬರೀ ಡ್ಯೂಟಿ ಆಯಿತು. ತಾನು ಮಾತ್ರ ಎಲ್ಲಿಗೆ ಹೊರಟರೂ ಎರಡು ಗಂಟೆ ಮೊದಲೇ ಹೊರಡುತ್ತಿದ್ದ.

ಅವತ್ತು ಬೆಳಿಗ್ಗೆ ಒಂಬತ್ತಕ್ಕೆ ಭಾವನ ಫೋನು ಬಂತು. ನಾಲ್ಕು ವರ್ಷದ ಮೇಲೆ ಬಂದ ಫೋನು. ಅಕ್ಕನ ತಲೆಯಲ್ಲಿ ಗಡ್ಡೆಯಾಗಿದೆ, ನಾಳೆ ಬೆಳಿಗ್ಗೆ ಎಂಟು ಗಂಟೆಗೆ ದೂರದ ಊರಿನ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ನು, ಇವತ್ತು ಮೂರೂ ಹತ್ತರ ವಿಮಾನಕ್ಕೆ ಹೋಗುತ್ತಿದ್ದೇವೆ ಎಂದ ಭಾವ. ಆ ಊರಿಗೆ ದಿನಕ್ಕಿರುವುದು ಒಂದೇ ವಿಮಾನ. ಆ ಡಾಕ್ಟರು ನಾಳೆಯ ಆಪರೇಷನ್ ಮುಗಿಸಿ ಮೂರು ವಾರ ಪರದೇಶಕ್ಕೆ ಹೋಗುವವರು. ಅಷ್ಟು ದಿನ ಕಾಯುವ ಸ್ಥಿತಿಯಲ್ಲಿ ಅಕ್ಕ ಇಲ್ಲ ಎಂದು ಅವರೇ ಹೇಳಿದ್ದಾರೆ.

“ಆಪರೇಷನ್ ಆದ್ರೆ ಸರಿಹೋಗುತ್ತಾ ಭಾವ?”

“ಅರ್ಧಕ್ಕರ್ಧ ಅಂತಾರೆ. ಅವಳು ನಿನ್ನ ಮುಖ ನೋಡಬೇಕಂತೆ. ಒಂದೂವರೆಯಿಂದ ನಾಲ್ಕನೇ ಬಾಗಿಲ ಹತ್ರ ಗಡಿಯಾರದ ಕೆಳಗಿನ ಬೆಂಚಲ್ಲಿ ಕೂತಿರ್ತೀವಿ. ಎರಡೂ ಇಪ್ಪತ್ತಕ್ಕೆ ಒಳಗೆ ಹೋಗಲೇಬೇಕು.”

ಅಮ್ಮ ಸತ್ತಾಗ ನಿಮಿಷಪ್ಪನಿಗೆ ಆರು, ಅಕ್ಕನಿಗೆ ಹದಿನೇಳು. ಅಮ್ಮನ ಹೊಲಿಗೆ ಮಿಷನ್ನು ತುಳಿದು ತುಳಿದೇ ಅಕ್ಕ ಅವನನ್ನು ಓದಿಸಿದಳು. ಮಿಷನ್ನಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ಅದರ ಚಕ್ರ ತಿರುಗುವ ಸದ್ದು ಕೇಳುತ್ತ ಅವನು ನಿದ್ದೆ ಹೋಗುತ್ತಿದ್ದ. ಅಂಥ ಮಿಷನ್ನನ್ನು ನಾಲ್ಕು ವರ್ಷದ ಕೆಳಗೆ ಮನೆ ಬದಲಾಯಿಸುವಾಗ, ಜಾಗ ಸಾಲದೆಂದು, ಅವಳನ್ನು ಒಂದು ಮಾತು ಕೇಳದೆ ಗುಜರಿಯವನಿಗೆ ಹಾಕಿಬಿಟ್ಟಿದ್ದ. ಹೊಸ ಮನೆ ನೋಡಲು ಬಂದ ಅಕ್ಕ ಮೂಲೆ ಮೂಲೆ ಹುಡುಕಿ, ಮಿಷನ್ ಎಲ್ಲೋ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಒಂದು ಲೋಟ ನೀರೂ ಕುಡಿಯದೆ ಹೊರಟುಹೋದಳು. ಮರುದಿನವೇ ಗುಜರಿ ಅಂಗಡಿಗೆ ಓಡಿದವನಿಗೆ ಸಿಕ್ಕಿದ್ದು ಕೆಳಗಿನ ದೊಡ್ಡ ಚಕ್ರ ಒಂದೇ. ಉಳಿದದ್ದೆಲ್ಲ ಕರಗಿಹೋಗಿತ್ತು. ಆ ಚಕ್ರವನ್ನು ಮಂಚದ ಕೆಳಗೆ ಇಟ್ಟುಕೊಂಡು, ಇವತ್ತು ಹೋಗುತ್ತೇನೆ ನಾಳೆ ಹೋಗುತ್ತೇನೆ ಎನ್ನುತ್ತ ನಾಲ್ಕು ವರ್ಷ ಕಳೆದಿದ್ದ.

ತಪ್ಪಾಯಿತಕ್ಕ ಎನ್ನುವ ಒಂದು ಮಾತನ್ನು ಎರಡೂ ಇಪ್ಪತ್ತರೊಳಗೆ ಹೇಳಬೇಕಾಗಿತ್ತು. ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಅರ್ಧ ದಿನದ ರಜೆ ಕೇಳಲು ಹೋದರೆ ಸಾಹೇಬರು ನಿಯಮದ ಪುಸ್ತಕ ತೆಗೆದು ಮುಂದಿನಿಂದ ಹಿಂದಕ್ಕೂ ಹಿಂದಿನಿಂದ ಮುಂದಕ್ಕೂ ಮಗುಚಿದರು. ಅವರು ಕೆಟ್ಟವರಲ್ಲ, ಪುಸ್ತಕ ಕೆಟ್ಟದ್ದು.

“ಒಡಹುಟ್ಟಿದವರ ಆಪರೇಷನ್‌ಗೆ ರಜೆ ಇಲ್ಲ ಕಣಯ್ಯ. ಸಾವಿಗಾದ್ರೆ ಇದೆ, ಮೂರು ದಿನ. ನಾಳೆವರೆಗೆ ನೋಡೋಕಾಗಲ್ವಾ?”

ನಿಮಿಷಪ್ಪ ಮೇಜಿನ ಮುಂದಿನಿಂದ ಕದಲಲಿಲ್ಲ. ಅವನು ನಿಂತ ರೀತಿ ನೋಡಿ ಸಾಹೇಬರಿಗೂ ಮುಜುಗರವಾಗಿ, ಹೊಟ್ಟೆನೋವು ಎಂದು ಬರೆದುಕೊಡು ಎಂದರು. ಇಲ್ಲದ ಹೊಟ್ಟೆನೋವನ್ನು ಮೂರು ಪ್ರತಿಯಲ್ಲಿ ಬರೆದುಕೊಟ್ಟು ಹೊರಬರುವಾಗ ಹನ್ನೆರಡು. ಪಕ್ಕದ ಮೇಜಿನಲ್ಲಿ ಕ್ಯಾಮೆರಾ ಪರದೆಗಳನ್ನು ನೋಡುವ ಗೆಳೆಯನನ್ನು ತನ್ನ ಜಾಗದಲ್ಲಿ ಕೂರಿಸಿದ. ಪರದೆಯಲ್ಲಿ ನಿಜವಾದ ನಿಮಿಷ ಎಪ್ಪತ್ತೆರಡು ಇತ್ತು, ಬೋರ್ಡಿನಲ್ಲಿ ನಲವತ್ತು. ಬೇಕಾದಷ್ಟು ಹೊತ್ತಿದೆ ಎಂದುಕೊಂಡು ಎರಡು ಬೀದಿಯಾಚೆಯ ತನ್ನ ಮನೆಗೆ ಓಡಿದ.

ಚಕ್ರವನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು, ಟ್ಯಾಕ್ಸಿಗೆ ಫೋನು ಮಾಡುತ್ತ ಮೆಟ್ಟಿಲು ಇಳಿಯುವಾಗ ಕೆಳಮನೆಯ ಗಣಿತದ ಮೇಷ್ಟ್ರ ಕೈಗೆ ಸಿಕ್ಕಿಬಿದ್ದ. ನಿವೃತ್ತರಾಗಿ ಆರು ವರ್ಷವಾದರೂ ಅವರು ಯಾರನ್ನೂ ಪ್ರಶ್ನೆ ಕೇಳದೆ ಬಿಡುತ್ತಿರಲಿಲ್ಲ. ವಿಷಯ ತಿಳಿದ ಮೇಲಂತೂ, ಮನೆಯಲ್ಲಿ ಕಾರಿಟ್ಟುಕೊಂಡು ನೆರೆಯವರನ್ನು ಟ್ಯಾಕ್ಸಿಯಲ್ಲಿ ಕಳಿಸುವುದೇ ಎಂದು ಹಟ ಹಿಡಿದರು. ಆದರೆ ಈಗಲೇ ಯಾಕೆ?

“ನೀವು ಅಲ್ಲಿರಬೇಕಾದ್ದು ಎರಡೂ ಇಪ್ಪತ್ತಕ್ಕೆ. ದಾರಿ ನಲವತ್ತು ನಿಮಿಷ. ಒಂದೂವರೆಗೆ ಹೊರಟ್ರೆ ಹತ್ತು ನಿಮಿಷ ಉಳಿಯುತ್ತೆ. ಸಣ್ಣ ವ್ಯವಕಲನ” ಎಂದರು ಮೇಷ್ಟ್ರು.

ನಲವತ್ತು ಅಂದರೆ ನಲವತ್ತಲ್ಲ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಸಾಹೇಬರ ಭಯ ಒಂದು ಕಡೆ; ಬೋರ್ಡು ಬರೆಯುವವನೆಂದು ಇಡೀ ವಠಾರದಲ್ಲಿ ತನಗಿದ್ದ ಮರ್ಯಾದೆ ಇನ್ನೊಂದು ಕಡೆ. ದಾರಿಯಲ್ಲಿ ಹೇಗೋ ಏನೋ ಎಂದು ಗೋಗರೆದು ಮೇಷ್ಟ್ರನ್ನು ಹೊರಡಿಸುವಷ್ಟರಲ್ಲಿ, ಮನೆಯಲ್ಲಿ ಕೂತು ಬೇಜಾರಾಗಿದೆ ಎಂದು ಅವರ ಹೆಂಡತಿಯೂ ಸೀರೆ ಬದಲಾಯಿಸಿಕೊಂಡು ಬಂದು ಮುಂದೆ ಕೂತರು. ಕಾರು ಹೆದ್ದಾರಿ ಹತ್ತಿದಾಗ ಒಂದಕ್ಕೆ ಕಾಲು ಗಂಟೆ ಇತ್ತು.

ಮೇಷ್ಟ್ರ ಹೆಂಡತಿ ಹಿಂದಕ್ಕೆ ತಿರುಗಿ ಸಮಾಧಾನ ಹೇಳಲು ಶುರುಮಾಡಿದರು. ಯಾರಿಗೆ ಯಾವ ಕಾಯಿಲೆ ಎಂದರೂ ಅವರ ನೆಂಟರಲ್ಲಿ ಒಬ್ಬರಿಗೆ ಅದು ಆಗಿರುತ್ತಿತ್ತು.

“ಹೆದರಬೇಡಿ. ನಮ್ಮ ಅತ್ತಿಗೆಗೂ ಇದೇ ಗಡ್ಡೆ, ಇದೇ ಆಪರೇಷನ್ನು.”

“ಈಗ ಹೇಗಿದ್ದಾರೆ ಅವರು?”

“ಈಗೆಲ್ಲಿ” ಎಂದು ಅವರು ಮುಂದಕ್ಕೆ ತಿರುಗಿಕೊಂಡರು.

ಒಂದು ಗಂಟೆಯ ಹೊತ್ತಿಗೆ ಮುಂದಿನ ಕಾರು ನಿಂತಿತು. ಅದರ ಮುಂದಿನದು ಆಗಲೇ ನಿಂತಿತ್ತು. ಕಣ್ಣಿಗೆ ಕಾಣುವಷ್ಟು ದೂರವೂ ಆ ಕಡೆಗೆ ಹೋಗುವ ನಾಲ್ಕೂ ಸಾಲಿನ ತುಂಬ ಬರೀ ಗಾಡಿಗಳ ಬೆನ್ನು. ಸರಿಯಾಗಿ ತಲೆಯ ಮೇಲೆ ನಿಮಿಷಪ್ಪನದೇ ಬೋರ್ಡು, ನಲವತ್ತು ನಿಮಿಷ ಎಂದು ಉರಿಯುತ್ತಿತ್ತು. ಬಿಸಿಲು ಸುಡುತ್ತಿತ್ತು. ಅವರ ಪಕ್ಕದ ಸಾಲಿಗೆ ವಿಮಾನ ನಿಲ್ದಾಣಕ್ಕೆ ಹೋಗುವ ಬಿಳಿಯ ದೊಡ್ಡ ಬಸ್ಸೊಂದು ತೆವಳಿಕೊಂಡು ಬಂದು ನಿಂತು, ಸದ್ಯ, ಅದರ ನೆರಳು ಕಾರಿನ ಮೇಲೆ ಬಿತ್ತು.

ಭಾವನಿಗೆ ಫೋನು ಮಾಡಿದರೆ ಗಂಟೆ ಹೊಡೆದುಕೊಂಡಿತೇ ಹೊರತು ಯಾರೂ ಎತ್ತಲಿಲ್ಲ. ಭಾವ ಕಳ್ಳರ ಭಯಕ್ಕೆ ಫೋನನ್ನು ಒಡವೆಯ ಹಾಗೆ ಸೂಟ್‌ಕೇಸಿನ ತಳದಲ್ಲಿಡುವ ಮನುಷ್ಯ. ನಿಮಿಷಪ್ಪ ಕಾರಿಂದಿಳಿದು ಬಸ್ಸಿನ ನೆರಳಿಗೆ ಸರಿದು, ಮೇಷ್ಟ್ರಿಗೆ ಕೇಳಿಸದ ಹಾಗೆ ಆಫೀಸಿನ ಗೆಳೆಯನಿಗೆ ಫೋನು ಮಾಡಿದ.

“ಎಷ್ಟಿದೆಯೋ?”

“ನಲವತ್ತು.”

“ಅದಲ್ಲಯ್ಯ, ನಿಜವಾದ್ದು.”

“ನೂರಾ ಮೂವತ್ತು. ಪ್ಲಾಸ್ಟಿಕ್ ಕುರ್ಚಿ ತುಂಬಿದ ಲಾರಿ ಅಡ್ಡ ಬಿದ್ದಿದೆ. ರಸ್ತೆ ತುಂಬ ಕುರ್ಚಿ. ನೋಡೋಕೆ ಮದುವೆ ಮನೆ ಥರ ಇದೆ.”

ಅಷ್ಟರಲ್ಲಿ ಸುತ್ತಲಿನವರೆಲ್ಲ ಕೆಳಗಿಳಿದು ಬೋರ್ಡು ನೋಡಿ ಬೈಯತೊಡಗಿದ್ದರು. ಬೋರ್ಡು ಬರೆಯುವವನನ್ನು ಹಿಡಿದುಕೊಂಡು ಬಂದು ಇದೇ ಕಮಾನಿಗೆ ನೇತುಹಾಕಬೇಕು ಎಂದ ಬಸ್ಸಿನ ಡ್ರೈವರು. ಹಗ್ಗ ನನ್ನ ಹತ್ತಿರ ಇದೆ ಎಂದ ಇನ್ನೊಬ್ಬ, ಅವನ ಗಾಡಿಯಲ್ಲಿ ನಿಜವಾಗಿಯೂ ಇತ್ತು. ಬಸ್ಸಿನ ಒಳಗೂ ಗಲಾಟೆ ನಡೆದಿತ್ತು. ಮುಚ್ಚಿದ ಗಾಜಿನಾಚೆ, ಪರದೆಯ ಹಿಂದೆ, ಯಾವಳೋ ಒಬ್ಬಳು ಎಲ್ಲರ ಮೇಲೂ ಒಬ್ಬಳೇ ಕೂಗಾಡುತ್ತಿದ್ದಳು. ಪಾಪ, ಎಷ್ಟು ಅರ್ಜೆಂಟಿತ್ತೋ ಎಂದುಕೊಂಡ ನಿಮಿಷಪ್ಪ. ಗಡಿಯಾರ ಒಂದೂ ಕಾಲು ದಾಟಿತ್ತು.

ಒಂಬತ್ತು ವರ್ಷದಲ್ಲಿ ಮಾಡದ ಕೆಲಸವನ್ನು ಅವನು ಆಗ ಮಾಡಿದ. ಗೆಳೆಯನಿಗೆ ಮತ್ತೆ ಫೋನು ಮಾಡಿ, ನಿಜವಾದ ನಿಮಿಷ ಹಾಕು, ಅರ್ಧ ಜನ ಕೆಳಗಿಳಿದುಹೋದರೆ ಉಳಿದವರಿಗಾದರೂ ದಾರಿಯಾಗುತ್ತದೆ ಎಂದು ಬೇಡಿಕೊಂಡ. ಸಾಹೇಬರು ಊಟಕ್ಕೆ ಹೋಗಿದ್ದರು. ಗೆಳೆಯ ಒಂದಿಷ್ಟು ಗೊಣಗಿ ಒತ್ತಿಯೇಬಿಟ್ಟ. ಬೋರ್ಡು ಒಮ್ಮೆ ಕಣ್ಣು ಮಿಟುಕಿಸಿ ನೂರಾ ಮೂವತ್ತು ಎಂದಿತು.

ನಾಲ್ಕೂ ಸಾಲಿನವರು ಒಟ್ಟಿಗೇ ಗಾಡಿ ಹತ್ತಿ, ಎಡಗಡೆ ಕೆಳಗಿಳಿಯುವ ಒಂದೇ ದಾರಿಯತ್ತ ಒಟ್ಟಿಗೇ ಮೂತಿ ತಿರುಗಿಸಿದರು. ನಿಮಿಷಪ್ಪ ಬೇಡ ಬೇಡ ಎನ್ನುವಷ್ಟರಲ್ಲಿ ಮೇಷ್ಟ್ರೂ ತಿರುಗಿಸಿದ್ದರು. ಬಿಳಿಯ ಬಸ್ಸು ತಿರುಗಲು ಹೋಗಿ ನಾಲ್ಕೂ ಸಾಲಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಮೊದಲು ಮುಂದಕ್ಕೆ ಹೋಗಲಾಗುತ್ತಿರಲಿಲ್ಲ, ಈಗ ಯಾವ ಕಡೆಗೂ ಹೋಗಲಾಗುತ್ತಿರಲಿಲ್ಲ.

“ಇಷ್ಟು ಹೊತ್ತು ಸರಿಯಾಗಿ ತೋರಿಸ್ತಿತ್ತು. ಈಗ ಯಾವನೋ ತಲೆಕೆಟ್ಟವನು ಕೂತಿರಬೇಕು ಅಲ್ಲಿ” ಎಂದರು ಮೇಷ್ಟ್ರು.

ಎಂಟು ನಿಮಿಷಕ್ಕೆ ಸಾಹೇಬರು ಊಟದ ಕೈಯಲ್ಲೇ ಓಡಿಬಂದು ಅದನ್ನು ಮತ್ತೆ ನಲವತ್ತು ಮಾಡಿದರು. ಅದನ್ನು ಕಂಡು ಜನ ಉಸ್ಸೆಂದು ಉಸಿರು ಬಿಟ್ಟರು, ಕೆಲವರು ಚಪ್ಪಾಳೆ ಕೂಡ ತಟ್ಟಿದರು. ಹತ್ತು ನಿಮಿಷ ಮೊದಲು ನೇಣಿನ ಹಗ್ಗ ಹಿಡಿದಿದ್ದವರು ಇವರೇನಾ ಎಂದು ನಿಮಿಷಪ್ಪನಿಗೆ ಆಶ್ಚರ್ಯವಾಯಿತು. ಸಾಹೇಬರ ಫೋನು ಅವನಿಗೂ ಬಂತು. ಹೊಟ್ಟೆನೋವು ವಾಸಿಯಾಗಿದ್ದರೆ ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಬಂದು ಉತ್ತರ ಕೊಡು ಎಂದು ಇಟ್ಟರು.

ಒಂದೂವರೆ. ವಿಮಾನ ನಿಲ್ದಾಣ ಇನ್ನೂ ನಾಲ್ಕೂವರೆ ಕಿಲೋಮೀಟರ್. ನಿಮಿಷಪ್ಪ ಚಕ್ರವನ್ನು ಎದೆಗೊತ್ತಿಕೊಂಡು ಹೆದ್ದಾರಿಯ ಅಂಚಿನಲ್ಲಿ ಓಡತೊಡಗಿದ. ಓಡಿ ಅಭ್ಯಾಸವಿದ್ದ ದೇಹವಲ್ಲ ಅದು, ಒಂಬತ್ತು ವರ್ಷ ಕೂತ ದೇಹ. ಸುತ್ತಿದ್ದ ಟವೆಲು ಅರ್ಧ ದಾರಿಯಲ್ಲೇ ಬಿದ್ದುಹೋಯಿತು. ಕುರ್ಚಿ ಲಾರಿ ಮಗುಚಿದ ಜಾಗದಲ್ಲಿ ಸಿಕ್ಕಿಬಿದ್ದ ಜನ ಕೆಂಪು, ನೀಲಿ ಕುರ್ಚಿಗಳನ್ನು ಎತ್ತಿಹಾಕಿಕೊಂಡು ರಸ್ತೆಯ ನಡುವೆ ಆರಾಮವಾಗಿ ಕೂತಿದ್ದರು. ಟ್ರಾಫಿಕ್ ಪೊಲೀಸಿನವನೂ ಒಂದು ಕುರ್ಚಿಯಲ್ಲಿ ಕೂತು ಏನೋ ಬರೆದುಕೊಳ್ಳುತ್ತಿದ್ದ. ಬೆವರು ಸುರಿಸುತ್ತ ಕಬ್ಬಿಣದ ಚಕ್ರ ಹಿಡಿದು ಓಡಿಬಂದವನನ್ನು ಕಂಡು ಅವನು ಎದ್ದುನಿಂತ.

“ಗಾಡಿ ಎಲ್ಲಿ?”

“ಗಾಡಿ ಇಲ್ಲ ಸಾರ್.”

“ಸ್ಟೇರಿಂಗ್ ಕೈಯಲ್ಲಿದೆ, ಗಾಡಿ ಇಲ್ಲ ಅಂದ್ರೆ?”

ಅದು ಹೊಲಿಗೆ ಮಿಷನ್ನಿನ ಚಕ್ರ ಎಂದು ಅರ್ಥ ಮಾಡಿಸಲು ಎಂಟು ನಿಮಿಷ ಹಿಡಿಯಿತು. ಅಮ್ಮ ಸತ್ತದ್ದು, ಅಕ್ಕ ಸಾಕಿದ್ದು, ಗುಜರಿ, ಗಡ್ಡೆ, ಎಲ್ಲವನ್ನೂ ಏದುಸಿರು ಬಿಡುತ್ತಲೇ ಹೇಳಬೇಕಾಯಿತು. ಕುರ್ಚಿಯಲ್ಲಿ ಕೂತವರು ನಾಟಕ ನೋಡುವಂತೆ ನೋಡಿದರು. ಕೊನೆಗೆ ಪೊಲೀಸಿನವನೇ ಕಣ್ಣೊರೆಸಿಕೊಂಡು, ಓಡಪ್ಪ ಓಡು ಎಂದು ದಾರಿ ಬಿಟ್ಟ.

ನಾಲ್ಕನೇ ಬಾಗಿಲ ಮುಂದೆ ಅವನು ಬಂದು ನಿಂತಾಗ ಗಡಿಯಾರ ಎರಡೂ ಹದಿನೆಂಟು ತೋರಿಸುತ್ತಿತ್ತು. ಎರಡು ನಿಮಿಷ ಇನ್ನೂ ಇತ್ತು. ಗಡಿಯಾರದ ಕೆಳಗಿನ ಬೆಂಚಿನಲ್ಲಿ ಮಾತ್ರ ಯಾರೂ ಇರಲಿಲ್ಲ.

ಬಾಗಿಲ ಕಾವಲಿನವನನ್ನು ಕೇಳಿದ. ಗಂಡ ಹೆಂಡತಿ, ವಯಸ್ಸಾದವರು, ಹೀಗೆ ಎಷ್ಟೋ ಜನ ಒಳಗೆ ಹೋದರು ಎಂದನವನು. ಟಿಕೆಟ್ಟಿಲ್ಲದೆ ಒಳಗೆ ಬಿಡುವಂತಿಲ್ಲ, ಕಬ್ಬಿಣವಂತೂ ಕೂಡದೇ ಕೂಡದು. ಭಾವನ ಫೋನು ಸುಮ್ಮನೆ ಗಂಟೆ ಹೊಡೆದುಕೊಳ್ಳುತ್ತಿತ್ತು. ನಿಮಿಷಪ್ಪ ಗಾಜಿನ ಗೋಡೆಗೆ ಹಣೆ ಒತ್ತಿ, ಒಳಗೆ ಕಂಡ ಪ್ರತಿಯೊಂದು ನರೆತ ತಲೆಯನ್ನೂ ಅಕ್ಕನದೇ ಎಂದುಕೊಂಡು ನೋಡಿದ. ಮೂರೂ ಹತ್ತಕ್ಕೆ ಒಂದು ವಿಮಾನ ಗೋಡೆಯಾಚೆಯಿಂದ ಎದ್ದು ತಲೆಯ ಮೇಲೆ ಹೋಯಿತು. ಅವನು ಚಕ್ರವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದ. ತಪ್ಪಾಯಿತಕ್ಕ ಎಂದು ಗಟ್ಟಿಯಾಗಿಯೇ ಹೇಳಿದ. ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದವರು ದೂರ ಸರಿದು ಹೋದರು. ಬೆಂಚಿನಲ್ಲಿ ಕೂತು ಮಕ್ಕಳ ಹಾಗೆ ಅತ್ತ.

ಮೂರೂ ನಲವತ್ತಕ್ಕೆ ಬಿಳಿಯ ಬಸ್ಸು ಬಂದು ಬೆಂಚಿನ ಮುಂದೆಯೇ ನಿಂತಿತು. ಅದೇ ಬಸ್ಸು, ಅದೇ ಡ್ರೈವರು. ಬಾಗಿಲು ತೆರೆದು ಮೊದಲು ಭಾವ ಇಳಿದ. ಅವನ ಕೈ ಹಿಡಿದುಕೊಂಡು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡ ಅಕ್ಕ ಇಳಿದಳು.

ನಿಮಿಷಪ್ಪ ಎದ್ದುನಿಂತ. ಅಕ್ಕ ಅವನನ್ನು ನೋಡಲಿಲ್ಲ, ಮೊದಲು ಚಕ್ರವನ್ನು ನೋಡಿದಳು. ನಿಧಾನಕ್ಕೆ ಬಂದು ಅದರ ಮೇಲೆ ಕೈಯಾಡಿಸಿದಳು. ಪಟ್ಟಿ ಕೂರುವ ಸಂದಿಗೆ ಬೆರಳು ತಾನಾಗಿಯೇ ಹೋಯಿತು.

“ಇದನ್ನ ಹೊತ್ಕೊಂಡು ಓಡಿ ಬಂದ್ಯೇನೋ?”

“ತಪ್ಪಾಯ್ತಕ್ಕ.”

“ಹೋಗ್ಲಿ ಬಿಡು. ಹಳೇ ಕಬ್ಬಿಣ. ನಾಲ್ಕು ವರ್ಷ ಹಟ ಮಾಡಿದ್ದು ನಂದೂ ತಪ್ಪೇ” ಎಂದು ಅವನ ಬೆವರಿದ ತಲೆಯನ್ನು ಎದೆಗೊತ್ತಿಕೊಂಡಳು.

ಭಾವ ಸೂಟ್‌ಕೇಸ್ ತೆರೆದು ಫೋನು ತೆಗೆದು ಆಸ್ಪತ್ರೆಗೆ ಮಾತಾಡಿದ. ಮಾತು ಸಣ್ಣದಾಗಿತ್ತು. ಡಾಕ್ಟರು ಹೊರಡುವುದನ್ನು ಮುಂದೂಡುವುದಿಲ್ಲ, ಇನ್ನು ಮೂರು ವಾರದ ಮೇಲೆಯೇ. ಭಾವ ಫೋನನ್ನು ಮತ್ತೆ ಪೆಟ್ಟಿಗೆಯ ತಳಕ್ಕೆ ಇಟ್ಟು ಬೀಗ ಹಾಕಿದ. ಆಮೇಲೆ ಯಾರನ್ನೂ ನೋಡದೆ ಹೇಳಿದ.

“ಹನ್ನೊಂದೂವರೆ ಬಸ್ಸಿಗೇ ಹೋಗೋಣ ಅಂತ ನಾನು ಬಡ್ಕೊಂಡೆ. ಬಸ್ ಸ್ಟಾಪಿನ ಎದುರಿಗೇ ಬೋರ್ಡಿದೆಯಲ್ಲ, ಅದನ್ನ ನೋಡಿ ಹನ್ನೆರಡೂವರೆದು ಸಾಕು ಅಂದ್ಲು ಇವಳು.”

“ನಲವತ್ತು ಅಂತಿತ್ತು ಕಣೋ. ನನ್ನ ತಮ್ಮ ಬರೆಯೋದು, ಅದು ತಪ್ಪಿರಲ್ಲ ಅಂದೆ” ಎಂದಳು ಅಕ್ಕ. “ಬಸ್ಸಲ್ಲಿದ್ದವರೆಲ್ಲ ಬೋರ್ಡು ಬರೆಯೋನಿಗೆ ಏನೇನೋ ಅಂದ್ರು. ನಾನು ಬಿಡಲಿಲ್ಲ. ಎಲ್ಲರ ಹತ್ರಾನೂ ಜಗಳ ಆಡಿದೆ. ಆ ನೂರಾ ಮೂವತ್ತು ಅಂತ ಹಾಕಿದವನು ಬೇರೆ ಯಾರೋ ಇರಬೇಕು ಅಲ್ವಾ? ಅದಾಗಿಲ್ಲದಿದ್ರೆ ಬಸ್ಸು ಅಡ್ಡ ತಿರುಗ್ತಾನೂ ಇರಲಿಲ್ಲ.”

ನಿಮಿಷಪ್ಪ ಚಕ್ರದ ಕಡೆ ನೋಡುತ್ತ, ಇವತ್ತು ತನಗೆ ರಜೆ ಎಂದ. ಅದೂ ನಿಜವೇ ಆಗಿತ್ತು.

ಅಷ್ಟು ಹೊತ್ತಿಗೆ ಮೇಷ್ಟ್ರ ಕಾರೂ ಬಂದು ತಲುಪಿತ್ತು. ಎಲ್ಲರನ್ನೂ ಅವರೇ ವಾಪಸು ಹೊರಡಿಸಿಕೊಂಡರು. ವಿಷಯ ತಿಳಿದ ಮೇಷ್ಟ್ರ ಹೆಂಡತಿ ಅಕ್ಕನಿಗೂ ಸಮಾಧಾನ ಹೇಳಿದರು. ಒಳ್ಳೇದೇ ಆಯ್ತು ಬಿಡಿ, ನಮ್ಮ ಅತ್ತಿಗೆ ಸಮಯಕ್ಕೆ ಸರಿಯಾಗಿ ಹೋಗಿ ತಲುಪಿದ್ದರು ಎಂದರು. ಅಕ್ಕ ನಕ್ಕಳು. ಹಿಂದಿನ ಸೀಟಿನಲ್ಲಿ ತಮ್ಮನಿಗೂ ಗಂಡನಿಗೂ ನಡುವೆ, ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ತಲೆ ಸಿಡಿಯುತ್ತಿದೆ ಎನ್ನುವುದು ಅವಳು ಕಣ್ಣು ಕಿರಿದು ಮಾಡಿದ್ದರಲ್ಲೇ ಕಾಣುತ್ತಿತ್ತು.

ಊರ ಕಡೆಯ ಸಾಲುಗಳೂ ತುಂಬಿಹೋಗಿದ್ದವು. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಕಾರು ನಿಂತಿತು.

“ಮನೆಗೆ ಇನ್ನೆಷ್ಟು ಹೊತ್ತಾಗುತ್ತೋ? ಸ್ವಲ್ಪ ಮಲಗಬೇಕು ನಾನು” ಎಂದು ಅಕ್ಕ ಕೇಳಿದಳು.

ನಿಮಿಷಪ್ಪ ಅವಳ ಕಡೆ ತಿರುಗಿದ. ಒಂದು ತಪ್ಪು ಒಪ್ಪಿಸಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ, ಬಾಯಿಗೆ ಅದರ ಅಭ್ಯಾಸ ಇನ್ನೂ ಇತ್ತು. ಎಲ್ಲವನ್ನೂ ಹೇಳಿಬಿಡೋಣ ಎಂದು ಅಕ್ಕಾ ಎಂದ.

“ನೀನು ಹೇಳೋದೇನೂ ಬೇಡ, ಅಗೋ ಅಲ್ಲೇ ಬರೆದಿದ್ಯಲ್ಲ” ಎಂದು ಅಕ್ಕ ಗಾಜಿನಾಚೆ ಕೈ ತೋರಿಸಿದಳು. ನಗರಕ್ಕೆ ನಲವತ್ತು ನಿಮಿಷ ಎಂದು ಕಮಾನಿನ ಮೇಲೆ ಹಳದಿ ಅಕ್ಷರ ಉರಿಯುತ್ತಿತ್ತು. ಅವಳು ತಮ್ಮನ ಹೆಗಲಿಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. “ನಲವತ್ತಾಗ್ತಿದ್ದ ಹಾಗೆ ಎಬ್ಬಿಸು.”